ಭಾಗ್ಯ ಕೇಳಬೇಕೆಂದಿದ್ದ ಒಂದು ಮಾತು

ಹಾರನಹಳ್ಳಿಯ ಭಾಗ್ಯ ಬಾಯಿ ಬಿಟ್ಟರೆ ಕೆರೆಯಾಚೆಗೂ ಕೇಳಿಸುತ್ತದೆ ಅಂತ ಊರೋರು ಹೇಳುತ್ತಾರೆ. ಸುಳ್ಳೇನಲ್ಲ. ಹೊಗೆಸೊಪ್ಪಿನ ಕಾಲ ಶುರುವಾಯಿತೆಂದರೆ, ಬೆಳಕು ಹರಿಯುವಷ್ಟರಲ್ಲಿ ಅವಳು ಬೀದಿಗಿಳಿದಿರುತ್ತಾಳೆ. ಸೊಪ್ಪು ಮುರಿಯೋಕೆ ಯಾರು, ಕಡ್ಡಿಗೆ ಕಟ್ಟೋಕೆ ಯಾರು, ಕಟ್ಟಿದ ಕಡ್ಡಿಗಳನ್ನ ಬೆಂಕಿಯ ಶಾಖಕ್ಕೆ ಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ಏರಿಸೋಕೆ ಯಾರು ಅಂತ ಒಬ್ಬೊಬ್ಬರನ್ನೇ ಹೆಸರು ಹಿಡಿದು ಎಬ್ಬಿಸುವುದು ಅವಳ ಕೆಲಸ. ಆಳು ಬೇಕಾದ ಜಮೀನಿನವರು ಬರುವುದೂ ಅವಳ ಬಾಗಿಲಿಗೇ. ಅವಳು ಕೂಗದ ದಿನ ಒಬ್ಬರೂ ಹೊಸಲು ದಾಟುವುದಿಲ್ಲ.

ಇಷ್ಟು ಮಾತಿನ ಹೆಂಗಸಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಮಗಳು ಚಿನ್ನು ಒಂದು ಸಲ ‘ಅವ್ವ’ ಅನ್ನಬೇಕು.

ಚಿನ್ನುಗೆ ಆರು ತುಂಬಿತ್ತು. ಕಿವಿ ಚುರುಕು. ಪೊರಕೆ ತಾ ಅಂದರೆ ಓಡಿಹೋಗಿ ತರುತ್ತಿದ್ದಳು, ಯಾರಾದರೂ ತಮಾಷೆ ಮಾಡಿದರೆ ಎಲ್ಲರಿಗಿಂತ ಮೊದಲೇ ನಗುತ್ತಿದ್ದಳು. ಬಾಯಿಂದ ಮಾತ್ರ ‘ಆ’, ‘ಬ’ ಬಿಟ್ಟು ಇನ್ನೇನೂ ಬರುತ್ತಿರಲಿಲ್ಲ. ಭಾಗ್ಯಳ ಅತ್ತೆ ಕುಳ್ಳಮ್ಮ ಜೇನುತುಪ್ಪದಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿ ಹಚ್ಚಿ ಸಾಕಾದಳು. ಕೊನೆಗೆ ತೀರ್ಪನ್ನೂ ಕೊಟ್ಟಳು: ಬಸುರಿ ಹೆಂಗಸು ದಿನ ತುಂಬೋವರೆಗೂ ಹಸಿ ಸೊಪ್ಪು ಕಟ್ಟುತ್ತಾ ಕೂತಿದ್ದಳಲ್ಲ, ಅದರ ನಂಜೇ ಮಗುವಿನ ನಾಲಿಗೆಗೆ ಇಳಿದಿದೆ. ಊರಿಗೆಲ್ಲ ಎದುರುತ್ತರ ಕೊಡುವ ಭಾಗ್ಯಳೂ ಒಳಗೊಳಗೇ ಅದನ್ನು ನಂಬಿದ್ದಳು.

ಗಂಡ ನಟರಾಜು ಮಾತಿನಲ್ಲಿ ಹಿಂದೆ. ಬಾಯಲ್ಲಿ ಮುದ್ದೆ ಇಟ್ಟುಕೊಂಡವನಂತೆ ತಡವರಿಸಿ ಎರಡು ಮಾತಾಡಿದರೆ ಅವತ್ತಿಗೆ ಮುಗಿಯಿತು. “ಲೇ ನಟ, ನಿನ್ ಮಾತು ಈಗ ಹುಣಸೂರಲ್ಲಿ ಬಸ್ ಹತ್ತೈತೆ, ಸಂಜೀಕೆ ಬತ್ತದೆ ಬುಡ್ಲಾ” ಅಂತ ಟೀ ಅಂಗಡಿಯಲ್ಲಿ ಗೆಳೆಯರು ರೇಗಿಸುತ್ತಿದ್ದರು. ಅವನೂ ನಗುತ್ತಿದ್ದ.

ಮಗುವಿಗೆ ಹಟ ಕಣೆ, ಹೊಟ್ಟೆ ಹಸಿದರೆ ತಾನೇ ಮಾತಾಡ್ತಾಳೆ ಅಂತ ಜೊತೆಯ ಹೆಂಗಸರು ಭಾಗ್ಯಳಿಗೆ ದಾರಿ ತೋರಿಸಿದರು. ಅವಳೂ ಹಾಗೇ ಮಾಡಿದಳು. ಬಿಸಿ ಅಕ್ಕಿರೊಟ್ಟಿಯನ್ನು ಮೇಲೆ ಎತ್ತಿ ಹಿಡಿದು, ‘ಅವ್ವ’ ಅನ್ನು ಕೊಡ್ತೀನಿ ಅನ್ನುವಳು. ಚಿನ್ನು ತುಟಿ ಒತ್ತುವಳು, ಕತ್ತಿನ ನರ ಉಬ್ಬುವುದು, ಕಣ್ಣಲ್ಲಿ ನೀರು ತುಂಬುವುದು, ಮಾತು ಮಾತ್ರ ಬಾರದು. ಭಾಗ್ಯ ರೊಟ್ಟಿ ಕೊಟ್ಟೇ ಕೊಡುತ್ತಿದ್ದಳು, ಆದರೆ ತಡಮಾಡಿ. ಬರಬರುತ್ತಾ ಚಿನ್ನು ಹಸಿದಾಗ ಅಜ್ಜಿಯ ಹತ್ತಿರ ಹೋಗತೊಡಗಿದಳು, ಅಜ್ಜಿ ಇಲ್ಲದಿದ್ದರೆ ಪಕ್ಕದ ಮನೆಗೆ. ಅವ್ವನ ಹತ್ತಿರ ಕೈ ಚಾಚುವುದನ್ನೇ ಬಿಟ್ಟಳು. ಕರೆಯುವುದಂತೂ ಇರಲಿಲ್ಲ, ಈಗ ಬರುವುದೂ ನಿಂತುಹೋಗಿತ್ತು.

ಅಂಗನವಾಡಿಯ ಉಷಾರಾಣಿ ಮೇಡಮ್ಮು, ಇಷ್ಟು ದಿನ ಯಾಕೆ ತೋರಿಸಲಿಲ್ಲ ಅಂತ ಬೈದು ಮೈಸೂರಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಚಿನ್ನುವಿನ ಬಾಯಿ, ಕಿವಿ ಎಲ್ಲ ನೋಡಿ ಅಪ್ಪ, ಅವ್ವ, ಮಗು ಮೂವರ ರಕ್ತವನ್ನೂ ತೆಗೆದುಕೊಂಡರು. ತಿಂಗಳುಗಳಾದ ಮೇಲೆ ಮತ್ತೆ ಕರೆಸಿದಾಗ ಡಾಕ್ಟರಮ್ಮ ಮೊದಲು ಕೇಳಿದ್ದು, ನೀವೇನು ಕೆಲಸ ಮಾಡ್ತೀರಿ ಅಂತ. ಆಳುಗಳನ್ನ ಕೂಗಿ ಕೆಲಸಕ್ಕೆ ಹಚ್ತೀನಿ ಅಂದಳು ಭಾಗ್ಯ. ಡಾಕ್ಟರಮ್ಮ ಅಲ್ಲಿಂದಲೇ ಶುರುಮಾಡಿದರು.

ಮನುಷ್ಯರ ಮೈಯಲ್ಲಿ ಫಾಕ್ಸ್‌ಪಿ-ಟು ಅಂತ ಒಂದು ಜೀನ್ ಇದೆಯಂತೆ. ಅದು ತಾನಾಗಿ ಮಾತಾಡಿಸುವುದಿಲ್ಲ. ಮಗು ಹೊಟ್ಟೆಯಲ್ಲಿದ್ದು ಮಿದುಳು ಕಟ್ಟುವ ಹೊತ್ತಿನಲ್ಲಿ ಭಾಗ್ಯ ಆಳುಗಳನ್ನ ಕೂಗಿ ಎಬ್ಬಿಸುವ ಹಾಗೇ ಬೇರೆ ಜೀನುಗಳನ್ನ ಎಬ್ಬಿಸುತ್ತದೆ, ನೀನು ಏಳು, ನೀನು ಈಗ ಬೇಡ ಅನ್ನುತ್ತದೆ. ನಾಲಿಗೆ, ತುಟಿಗೆ ಯಾವಾಗ ಹೇಗೆ ಹೊರಳಬೇಕೆಂದು ಕಲಿಸುವ ನರಗಳ ದಾರಿ ಬೀಳುವುದು ಈ ಕೂಗಿನಿಂದಲೂ ಹೌದು. ಒಬ್ಬೊಬ್ಬರ ಮೈಯಲ್ಲೂ ಇಂಥ ಕೂಗುವ ಜೀನು ಎರಡಿರುತ್ತವೆ, ಅಪ್ಪನಿಂದ ಬಂದದ್ದೊಂದು, ಅವ್ವನಿಂದ ಬಂದದ್ದೊಂದು. ಚಿನ್ನುವಿನಲ್ಲಿ ಒಂದರ ದನಿ ಕೆಟ್ಟಿದೆ. ಸೊಪ್ಪಿಗೂ ಇದಕ್ಕೂ ಸಂಬಂಧವಿಲ್ಲ. ಅವಳಿಗೆ ಹಟವೂ ಇಲ್ಲ, ಹೇಳಬೇಕೆಂಬ ಆಸೆ ಬೇಕಾದಷ್ಟಿದೆ, ಬಾಯಿಗೆ ದಾರಿ ಗೊತ್ತಿಲ್ಲ. ಅಭ್ಯಾಸ ಮಾಡಿಸಿದರೆ ನಿಧಾನಕ್ಕೆ ಒಂದಷ್ಟು ಮಾತು ಬರಬಹುದು. ಎಷ್ಟು, ಯಾವಾಗ ಅಂತ ಅವರೂ ಹೇಳಲಾರರು. ಕೊನೆಗೆ, ಅದೇ ಕೆಟ್ಟ ದನಿ ನಟರಾಜುವಿನಲ್ಲೂ ಇದೆ ಅಂದರು.

ಹೊರಗೆ ಬರುತ್ತಲೇ ಭಾಗ್ಯಳಿಗೆ ಅತ್ತೆಯ ಮುಂದೆ ನಿಂತು ಕೂಗಿಬಿಡಬೇಕು ಅನ್ನಿಸಿತು. ದೋಷ ನನ್ನದಲ್ಲ, ನಿಮ್ಮ ಮಗನದು ಅಂತ. ದಾರಿಯುದ್ದಕ್ಕೂ ಅದನ್ನೇ ಜೋಡಿಸಿಕೊಂಡು ಕೂತಿದ್ದಳು. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಊರಿನ ಬಸ್ಸಿಗೆ ಕಾಯುವಾಗ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ನಟರಾಜು ಬಾಯಿ ತೆರೆದ.

“ರೊಟ್ಟಿ ತೋರ್ಸಿ ಕೇಳ್ಬ್ಯಾಡ ಕಣೆ.”

ಭಾಗ್ಯ ತಿರುಗಿ ನೋಡಿದಳು.

“ನಮ್ಮವ್ವನೂ ಅಂಗೇ ಮಾಡ್ತಿದ್ಲು. ಮುದ್ದೆ ಮಡಿಕ್ಕಂಡು... ಅವ್ವ ಅನ್ಲಾ ಅನ್ನೋಳು. ಬತ್ತಿರ್ಲಿಲ್ಲ.” ಮಗಳ ಹಣೆಯ ಮೇಲಿನ ಕೂದಲು ಸರಿಸಿದ. “ಆಮ್ಯಾಕೆ ನಾನು ಕೇಳಾದೇ ಬುಟ್ಬುಟ್ಟೆ.”

ಮದುವೆಯಾದಾಗಿನಿಂದ ಅವನು ಇನ್ನೊಂದು ತುತ್ತು ಹಾಕು ಅಂದದ್ದಿಲ್ಲ, ಜ್ವರ ಬಂದರೂ ನೀರು ಕೊಡು ಅಂದದ್ದಿಲ್ಲ. ಅದನ್ನು ಅವಳು ಬಿಗುಮಾನ ಅಂದುಕೊಂಡಿದ್ದಳು. ಅತ್ತೆಗೆಂದು ಜೋಡಿಸಿಟ್ಟಿದ್ದ ಮಾತೆಲ್ಲ ಅಲ್ಲೇ ಉದುರಿಹೋಯಿತು. ಮನೆ ಮುಟ್ಟಿದ ಮೇಲೆ ಸೊಪ್ಪಿನ ನಂಜಲ್ಲವಂತೆ ಅತ್ತೆ ಅಂತಷ್ಟೇ ಹೇಳಿದಳು.

ಮಾರನೇ ಬೆಳಗ್ಗೆ ಕುಳ್ಳಮ್ಮ ಹೊಲಕ್ಕೆ ಹೋಗಿದ್ದಳು. ಭಾಗ್ಯ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಾಗ ಚಿನ್ನು ಬಾಗಿಲಲ್ಲಿ ನಿಂತು ಒಳಗೆ ಇಣುಕಿದಳು. ಭಾಗ್ಯ ಒಂದು ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಸವರಿ ಚಾಚಿದಳು. ಮಗು ಹತ್ತಿರ ಬಂದಿತು, ಆದರೆ ತೆಗೆದುಕೊಳ್ಳಲಿಲ್ಲ. ಅಭ್ಯಾಸವಾಗಿತ್ತಲ್ಲ, ಮುಷ್ಟಿ ಬಿಗಿಹಿಡಿದು ತುಟಿ ಒತ್ತಿ ಸಿದ್ಧವಾಗತೊಡಗಿತು. ‘ಅ...’ ಅಂತ ಉಸಿರೂ ಹೊರಟಿತು. ಇನ್ನೊಂದು ಚೂರು ಕಾದರೆ ಬಂದೇಬಿಡುತ್ತದೇನೋ ಅನ್ನಿಸಿತು ಭಾಗ್ಯಳಿಗೆ.

ಅವಳು ಕಾಯಲಿಲ್ಲ. ರೊಟ್ಟಿಯನ್ನು ಆ ಪುಟ್ಟ ಮುಷ್ಟಿಯೊಳಗೆ ಇಟ್ಟುಬಿಟ್ಟಳು.

“ಏನೂ ಅನ್ಬ್ಯಾಡ ಮಗ,” ಅಂದಳು, “ತಿನ್ನು.”

ಚಿನ್ನು ಅವ್ವನ ಮುಖವನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿದಳು. ಆಮೇಲೆ ಅವಳ ಮಂಡಿಗೆ ಬೆನ್ನು ಒರಗಿಸಿ ಕೂತು ತಿನ್ನತೊಡಗಿದಳು. ಆ ಮಾತಿನ ಆಸೆ ಭಾಗ್ಯಳೊಳಗೆ ಇದ್ದಲ್ಲೇ ಇತ್ತು. ಅದನ್ನು ಹಾಗೇ ನುಂಗಿಕೊಂಡು, ಮಗುವಿನ ಬೆನ್ನು ಅಲುಗದಂತೆ ಒಂದೇ ಕೈ ಚಾಚಿ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು.