ಪ್ಲಸ್ ಚಿಹ್ನೆ ಮತ್ತು ಹಾನುಬಾಳಿನ ಜೀಪು

೨೦೦೩ರಲ್ಲಿ ನಾನು ಸಕಲೇಶಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ನಾನು, ಒಂದು ಕಂಪ್ಯೂಟರ್, ಕರೆಂಟು ಹೋದಾಗ ಕೂಗಿಕೊಳ್ಳುವ ಒಂದು ಯುಪಿಎಸ್, ಇಷ್ಟೇ. ಕಾಫಿ ಕುಯ್ಲಿನ ಹೊತ್ತಿಗೆ ರಕ್ತದಾನಿಗಳನ್ನು ಹುಡುಕುವ ಹೊಸ ಪ್ರೋಗ್ರಾಂ ಒಂದು ಬಂತು. ಲ್ಯಾಬಿನ ನಾಗರತ್ನಮ್ಮ ಎಸ್ಟೇಟ್‌ಗಳಲ್ಲಿ ಶಿಬಿರ ಮಾಡಿ ಸಾವಿರಕ್ಕೂ ಹೆಚ್ಚು ಜನರ ರಕ್ತದ ಗುಂಪು ಪರೀಕ್ಷಿಸಿದ್ದರು. ಗುಂಪು ಟೈಪ್ ಮಾಡಿದರೆ ಆ ಗುಂಪಿನವರ ಹೆಸರು, ಊರು, ಫೋನ್ ನಂಬರು ಪರದೆಯ ಮೇಲೆ ಬರಬೇಕು. ಬರೆದುಕೊಟ್ಟವರು ಹೊರಗಿನ ಒಬ್ಬ ಪ್ರೋಗ್ರಾಮರ್.

ಅದನ್ನು ಒಪ್ಪಿಕೊಳ್ಳುವ ದಿನ ಎಲ್ಲರೂ ಸುತ್ತ ನಿಂತೆವು. ಡಾಕ್ಟರು O- ಹುಡುಕಿಸಿದರು, ನಾಗರತ್ನಮ್ಮ A- ಹುಡುಕಿಸಿದರು. ಸುಲಭಕ್ಕೆ ಸಿಗದ ರಕ್ತದ ಭಯವೇ ಎಲ್ಲರಿಗೂ. ಹೆಸರುಗಳು ಸರಿಯಾಗಿ ಬಂದವು. ಕಾಫಿ ಕುಡಿದು ಎದ್ದೆವು.

ಅದೇ ವಾರ ಹೆಗ್ಗದ್ದೆಯ ಸಾವಿತ್ರಿ ಎಂಬ ಹೆಣ್ಣುಮಗಳಿಗೆ ಹೆರಿಗೆಯಾಗಿ ರಕ್ತಸ್ರಾವ ನಿಲ್ಲಲಿಲ್ಲ. ಅವಳದು ಎ ಪಾಸಿಟಿವ್. ನಮ್ಮ ಸಣ್ಣ ರಕ್ತನಿಧಿಯಲ್ಲಿದ್ದ ಒಂದೇ ಒಂದು ಬಾಟಲು ಆಗಲೇ ಹರಿಯುತ್ತಿತ್ತು. "ಇನ್ನೆರಡಾದರೂ ಬೇಕು, ಬೇಗ" ಎಂದು ಡಾಕ್ಟರು ಹೇಳಿ ಒಳಗೆ ಹೋದರು. ನಾನು A+ ಎಂದು ಟೈಪ್ ಮಾಡಿದೆ. ಉದ್ದಕ್ಕೆ ಹೆಸರುಗಳು ಬಂದವು. ಪೇಟೆಯ ಎರಡು ನಂಬರು ಯಾರೂ ಎತ್ತಲಿಲ್ಲ. ಹಾನುಬಾಳು ಕಡೆಯ ಎಸ್ಟೇಟಿಗೆ ಮಾಡಿದೆ. ಅಲ್ಲಿನ ಲೆಕ್ಕಪತ್ರ, ಆಳುಕಾಳು ನೋಡುವ ರೈಟರ್ ಶಿವಣ್ಣ ಎತ್ತಿದರು.

"ಇರೋದು ಒಂದೇ ಜೀಪು ಕಣ್ರೀ, ಹಣ್ಣು ಹೊರ್ತಾ ಐತೆ. ಇರ್ಲಿ ಬುಡಿ, ನಾನೇ ಕರ್ಕಂಡ್ ಬತ್ತೀನಿ. ಹೆಸ್ರು ಹೇಳಿ."

ಹಾನುಬಾಳಿನವರ ಪೈಕಿ ಮೇಲಿದ್ದ ಎರಡು ಹೆಸರು ಹೇಳಿದೆ: ಕಾಳಯ್ಯ, ಚಂದ್ರ. ಫೋನಿನಲ್ಲಿ ಹೆಸರಷ್ಟೇ ಹೇಳುವುದು ನಮ್ಮ ಆಸ್ಪತ್ರೆಯ ರೂಢಿ. ಗುಂಪು ಗಿಂಪು ಎಂದರೆ ಜನ ಗೊಂದಲ ಮಾಡಿಕೊಳ್ಳುತ್ತಾರೆ ಎಂಬುದು ನಮ್ಮ ಜಾಣತನ.

ಜೀಪು ಬರುವವರೆಗೆ ಸಾವಿತ್ರಿಯ ತಾಯಿ ಪುಟ್ಟಮ್ಮ ನನ್ನ ಬಾಗಿಲು ಬಿಟ್ಟು ಕದಲಲಿಲ್ಲ. "ಆ ಪೆಟ್ಟಿಗೆ ಏನಂತೈತೆ ಸ್ವಾಮಿ? ಮಾತಾಡ್ತಿದ್ದೋಳು ಸುಮ್ನಾಗ್ಬುಟ್ಲು ನನ್ ಮಗ್ಳು." ನಾನು ರಸ್ತೆಯಲ್ಲಿ ಯಾವ ಗಾಡಿ ಸದ್ದಾದರೂ ಎದ್ದು ನಿಲ್ಲುತ್ತಿದ್ದೆ.

ಕೊನೆಗೂ ಜೀಪು ಬಂತು. ಇಬ್ಬರೂ ಕುಯ್ಲಿನ ಚೀಲ ಸೊಂಟದಲ್ಲೇ ಇದ್ದ ಹಾಗೆ ಇಳಿದರು. ನಾಗರತ್ನಮ್ಮ ಪರೀಕ್ಷೆ ಮಾಡಿ ಹೊರಬಂದಾಗ ಮುಖದಲ್ಲಿ ಕಳೆಯಿರಲಿಲ್ಲ.

"ಇಬ್ಬರದೂ ಎಬಿ ಪಾಸಿಟಿವ್. ಇದನ್ನು ಅವಳಿಗೆ ಕೊಟ್ಟರೆ ನಾವೇ ಕೊಂದ ಹಾಗೆ. ಶಿಬಿರದಲ್ಲಿ ನಾನೇ ತಪ್ಪು ನೋಡಿದೆನಾ ಸಾರ್?"

ಅವರ ಪರೀಕ್ಷೆಯೇ ತಪ್ಪಿದ್ದರೆ ಸಾವಿರ ಹೆಸರಿನಲ್ಲಿ ಒಂದನ್ನೂ ನಂಬುವಂತಿರಲಿಲ್ಲ. ಪ್ರೋಗ್ರಾಮಿನೊಳಗೆ ತುಂಬಿದ್ದ ಮೂಲ ಮಾಹಿತಿ ತೆರೆದೆ. ಇಬ್ಬರ ಮುಂದೆಯೂ AB+ ಎಂದೇ ಇತ್ತು.

"ಹಾಗಾದರೆ ತಪ್ಪು ನಿಮ್ಮ ಪೆಟ್ಟಿಗೆಯದು" ಎಂದರು ನಾಗರತ್ನಮ್ಮ. ಬೈಸಿಕೊಂಡು ಅಷ್ಟು ಸಮಾಧಾನ ನನಗೆ ಎಂದೂ ಆಗಿರಲಿಲ್ಲ. ಆದರೆ ಒತ್ತೊತ್ತಾಗಿ ತುರುಕಿದ್ದ ಅಷ್ಟೂ ಸಾಲುಗಳನ್ನು ಬರಿಗಣ್ಣಿನಲ್ಲಿ ಹುಡುಕುವ ಧೈರ್ಯವಾಗಲಿಲ್ಲ. ಇನ್ನೊಮ್ಮೆ ಕಣ್ತಪ್ಪಿದರೆ ಮುಗಿಯಿತು.

ಪ್ರೋಗ್ರಾಂ ಇದ್ದದ್ದು ಕಂಪ್ಯೂಟರ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ. ಹುಡುಕಾಟಕ್ಕೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಬಳಸಿದ್ದರು. ಅಕ್ಷರಗಳ ನಡುವೆ ಒಂದು ಮಾದರಿಯನ್ನು ಹುಡುಕುವ ವಿಧಾನ ಅದು. ಅಲ್ಲಿ + ಎಂದರೆ ಪ್ಲಸ್ ಅಲ್ಲ, "ಹಿಂದಿನ ಅಕ್ಷರ ಒಂದು ಸಲವೋ ಹೆಚ್ಚೋ ಇರಲಿ" ಎಂಬ ಆಜ್ಞೆ. A+ ಎಂದರೆ ಅದಕ್ಕೆ A ಇರುವ ಯಾರಾದರೂ ಸರಿ, AB ಗುಂಪಿನವರೂ ಸೇರಿ. ಮೈನಸ್ಸಿಗೆ ಅಲ್ಲಿ ಅಂಥ ಅಧಿಕಾರವಿಲ್ಲ. ಒಪ್ಪಿಕೊಂಡ ದಿನ ನಾವು ಹುಡುಕಿಸಿದ್ದೆಲ್ಲ ಮೈನಸ್ಸೇ, ಹಾಗಾಗಿ ಪ್ರೋಗ್ರಾಂ ಪಾಸಾಗಿತ್ತು.

ಇದು ಆಜ್ಞೆಯಲ್ಲ, ಬರೀ ಚಿಹ್ನೆ ಎಂದು ತಿಳಿಸಲು ಪ್ಲಸ್ಸಿಗೆ ಮೊದಲು ಓರೆಗೆರೆ, ಅಂದರೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಎಸ್ಕೇಪ್ ಮಾಡುವುದು ಎನ್ನುತ್ತಾರೆ. ಟೈಪ್ ಮಾಡಿದ ಗುಂಪಿನ + ಬದಲು "\+" ಹೋಗುವಂತೆ ತಿದ್ದಿ ಓಡಿಸಿದೆ. ಅದೇ ಹೆಸರುಗಳು!

ಆಮೇಲೆ ಹೊಳೆಯಿತು. ಉದ್ಧರಣ ಚಿಹ್ನೆಯೊಳಗಿನ ಪಠ್ಯದಲ್ಲೂ ಬ್ಯಾಕ್‌ಸ್ಲ್ಯಾಶಿಗೆ ತನ್ನದೇ ಅರ್ಥವಿದೆ. ನಾನು ಹಾಕಿದ್ದನ್ನು ಜಾವಾಸ್ಕ್ರಿಪ್ಟ್ ದಾರಿಯಲ್ಲೇ ನುಂಗಿಬಿಟ್ಟಿತ್ತು, ಹುಡುಕಾಟದವರೆಗೆ ತಲುಪಿರಲೇ ಇಲ್ಲ. ಎರಡು ಹಾಕಿದರೆ ಒಂದು ಉಳಿಯುತ್ತದೆ. "\\+" ಎಂದು ಬರೆದೆ. ಪಟ್ಟಿ ಕುಗ್ಗಿತು. ಹಾನುಬಾಳಿನ ಎದುರು ಈಗ ಒಂದೇ ಹೆಸರು: ರೈಟರ್ ಶಿವಣ್ಣ.

ಅವರು ಹೊರಗೆ ಜೀಪಿಗೆ ಒರಗಿ ನಿಂತಿದ್ದರು. ಓಡಿಹೋಗಿ ಕೇಳಿದೆ.

"ನಂದು ಎ ಪಾಸಿಟಿವ್ವೇ ಸಾರ್. ಶಿಬಿರ್ದಲ್ ಕೊಟ್ಟಿದ್ ಕಾರ್ಡು ಜೇಬಲ್ಲೇ ಐತೆ ನೋಡಿ. ನೀವು ಅವ್ರಿಬ್ರ ಹೆಸ್ರು ಹೇಳಿದ್ರಿ, ಕರ್ಕಂಡ್ ಬಂದೆ. ಯಾವ ರಕ್ತ ಬೇಕು ಅಂತ ಒಂದ್ ಮಾತು ಹೇಳ್ಲೇ ಇಲ್ವಲ್ಲ ಮಾರಾಯ್ರೇ!"

ನಾಗರತ್ನಮ್ಮ ಮತ್ತೆ ಪರೀಕ್ಷೆ ಮಾಡಿದರು. ಈ ಸಲ ಹೊಂದಿತು. ತಿದ್ದಿದ ಪಟ್ಟಿಯಿಂದ ಇನ್ನೊಬ್ಬರು ಪೇಟೆಯಲ್ಲೇ ಸಿಕ್ಕರು. ಸಂಜೆ ಪುಟ್ಟಮ್ಮ ಬಂದು, "ಮಾತಾಡಿದ್ಲು ಸ್ವಾಮಿ. ಮಗೀಗೆ ಸರಿಯಾಗಿ ಹೊದ್ಸಿಲ್ಲ ಅಂತ ನನ್ನೇ ಬೈದ್ಲು" ಎಂದು ನಕ್ಕು ಅತ್ತರು. ನಾನೂ ಕಣ್ಣೊರೆಸಿಕೊಂಡೆ.

ಅಪರೂಪದ್ದಕ್ಕೆ ಹೆದರಿ ಅದನ್ನೇ ನಾಲ್ಕು ಸಲ ಪರೀಕ್ಷಿಸುತ್ತೇವೆ. ದಿನಾ ಬಳಸುವುದನ್ನು ಸರಿಯಿದೆ ಎಂದು ನಂಬಿಬಿಡುತ್ತೇವೆ. ನಿವೃತ್ತಿಯಾಗುವವರೆಗೂ ಯಾವ ಹೊಸ ಪ್ರೋಗ್ರಾಂ ಬಂದರೂ ನಾನು ಮೊದಲು ತೀರಾ ಮಾಮೂಲಿಯದನ್ನೇ ಹಾಕಿ ನೋಡುತ್ತಿದ್ದೆ. ಫೋನೆತ್ತಿದರೆ ಹೆಸರಿಗಿಂತ ಮೊದಲು ರಕ್ತದ ಗುಂಪು ಹೇಳುತ್ತಿದ್ದೆ. ಆ ಕಡೆಯಿಂದ ಶಿವಣ್ಣ, "ಇರಿ ಸಾರ್, ಮೊದ್ಲು ನನ್ ಕಾರ್ಡ್ ನೋಡ್ಕತೀನಿ" ಎನ್ನುತ್ತಿದ್ದರು.