ಫೀಸಿನ ಕಿಟಕಿಯ ಅಕ್ಕ

ನಮ್ಮ ಕಾಲೇಜಿನಲ್ಲಿ ಫೀಸು ಕಟ್ಟಿಸಿಕೊಳ್ಳುತ್ತಿದ್ದ ಗುಮಾಸ್ತೆಯನ್ನು ಎಲ್ಲರೂ ಅಕ್ಕಾ ಎನ್ನುತ್ತಿದ್ದೆವು. ಪ್ರಿನ್ಸಿಪಾಲರೂ ಒಮ್ಮೆ ಹಾಗೆಂದು ನಾಲಿಗೆ ಕಚ್ಚಿಕೊಂಡರಂತೆ. ಅಕ್ಕ ಮೊಹರು ಒತ್ತಿದರೆ ಪಕ್ಕದ ಲೈಬ್ರರಿಯಲ್ಲಿ ತೂಕಡಿಸುತ್ತಿದ್ದವರು ಗಡಬಡಿಸಿ ಪುಟ ತಿರುವುತ್ತಿದ್ದರು. ಪೆನ್ನು ಕೇಳಿದವರಿಗೆ ಪೆನ್ನಿನ ಜೊತೆ ಬೈಗುಳ ಉಚಿತ. ಅರ್ಜಿಗೆ ಅಂಟಿಸಿದ ಫೋಟೋ ನೋಡಿದರೆ, "ಇದೇನಪ್ಪಾ ಫೋಟೋ, ಹಲ್ಲು ಕೀಳಿಸ್ಕೊಂಡು ಬಂದೋನ ಥರ?" ಎನ್ನುತ್ತಿದ್ದರು. ಮೊದಲ ವರ್ಷದ ನನ್ನ ಫೀಸನ್ನು ಸರ್ಕಾರ ಕಟ್ಟುತ್ತಿತ್ತು. ಅದು ಯಾರಿಗೂ ತಿಳಿಯಬಾರದೆಂದು ನಾನು ಮಾವನ ಮಗನ ಕೂಲಿಂಗ್ ಗ್ಲಾಸ್ ಏರಿಸಿ, ಸಾಹುಕಾರನ ಮಗನ ಠೀವಿಯಲ್ಲಿ, ಅರ್ಜಿಗೆ ಸಹಿ ಹಾಕಲು ಸಾಲಿನಲ್ಲಿ ನಿಂತಿದ್ದೆ. "ಕನ್ನಡಕ ತೆಗಿಯೋ ರಾಜಾ, ಸಹಿ ಮೇಜಿನ ಮೇಲೆ ಹಾಕ್ತಿದ್ದೀಯ!" ಎಂದರು ಅಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಗುಟ್ಟು ಮಾತ್ರ ಹೊರಬೀಳಲಿಲ್ಲ. ಈಗ ನಾನೂ ಸಂಬಳಕ್ಕಾಗಿ ಒಂದು ಕೌಂಟರಿನ ಹಿಂದೆ ಕೂರುತ್ತೇನೆ, ನಾಲ್ಕು ಜನ ಬಂದರೆ ಬೆವರುತ್ತೇನೆ, ಆಗೆಲ್ಲ ಅಕ್ಕ ನೆನಪಾಗುತ್ತಾರೆ. ಸರ್ಕಾರದ ನೆರವು ಪಡೆಯುವವರಿಗೆಂದೇ ಕಾಲೇಜಿನಲ್ಲಿ ಇನ್ನೊಂದು ಕಿಟಕಿಯಿತ್ತು, ಮೇಲೊಂದು ದೊಡ್ಡ ಬೋರ್ಡೂ ಇತ್ತು. ಅಕ್ಕ ಅದನ್ನು ಒಂದು ದಿನವೂ ತೆರೆಯಲಿಲ್ಲ. ಕೇಳಿದರೆ, "ಚಿಲಕ ಕೆಟ್ಟಿದೆ ಕಣ್ರೀ, ಬಡಗಿ ಬರ್ಬೇಕು" ಎನ್ನುತ್ತಿದ್ದರು. ಬಡಗಿ ಬಂದರೆ ಟೀ ಕುಡಿಸಿ ಕಳಿಸಿಬಿಡುತ್ತಿದ್ದರು. ಸಾಲು ಗೇಟಿನವರೆಗೆ ಬೆಳೆದು ಎಲ್ಲರೂ ಶಪಿಸುತ್ತಿದ್ದರೂ, ಅಕ್ಕ ಫೀಸು ಕಟ್ಟುವವರನ್ನೂ ಕಟ್ಟಲಾಗದವರನ್ನೂ ಒಟ್ಟಿಗೇ ನಿಲ್ಲಿಸಿಕೊಂಡು, ಒಂದೇ ತೂಕದಲ್ಲಿ ಬೈಯುತ್ತಿದ್ದರು.