ವೀರಭದ್ರ ತಡೆದ ಕತ್ತಿ

ಕಿವಿಯ ಹಿಂದೆ ಕುರು ಎದ್ದು ನನ್ನ ಮಗ ಭದ್ರ ಐದು ದಿನದಿಂದ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಶುರುವಾದ ಮರುವರ್ಷದ ಕಾರ್ತಿಕ ಅದು. ಮಗುವಿಗೆ ಎರಡೂವರೆ ವರ್ಷ. ಆತಗೂರಿನ ನಮ್ಮ ಮನೆಯೆಲ್ಲ ಕೊಳೆತ ವಾಸನೆ. ನೆರೆಯವರು ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ಮಾತಾಡಿಸಿ ಹೋಗುತ್ತಿದ್ದರು. ಸುಳ್ಳೇಕೆ ಹೇಳಲಿ, ಹೆತ್ತ ನನಗೇ ಹೇಸಿಗೆಯಾಗುತ್ತಿತ್ತು.

ವೀರಭದ್ರನ ಒಕ್ಕಲಿನ ಅಕ್ಕತಂಗಿಯರೇ, ನಮ್ಮ ಮನೆಯ ಕಟ್ಟು ನಿಮಗೆ ಗೊತ್ತು. ಮೂರು ವರ್ಷ ತುಂಬಿದ ಮೇಲೆ ದೇವರ ಕತ್ತಿ ಮಗುವಿನ ಹುಟ್ಟುಗೂದಲಿಗೆ ಸೋಕಬೇಕು. ಅಲ್ಲಿಯವರೆಗೆ ಬೇರೆ ಕಬ್ಬಿಣ ತಲೆ ಮುಟ್ಟಬಾರದು. ಆ ಕತ್ತಿ ಹೊರುವವರು ನನ್ನ ಮಾವ. ಮಂಡ್ಯದ ಆಸ್ಪತ್ರೆಗೆ ಹೋಗೋಣವೆಂದರೆ, "ಡಾಕ್ಟ್ರು ಚಾಕು ಆಕ್ತಾನೆ ಕಣವ್ವ. ದೇವ್ರು ಸುಮ್ಕಿರ್ತಾನಾ?" ಎಂದರು. ನನ್ನ ಯಜಮಾನರು ಅಪ್ಪನ ಎದುರು ತುಟಿ ಬಿಚ್ಚುವವರಲ್ಲ. ಅವರ ಮುಖ ನೋಡಿದರೂ ನನಗೆ ಮೈ ಉರಿಯುತ್ತಿತ್ತು.

ಆರನೆಯ ದಿನ ಮಾವ ಗುಡಿಯಿಂದ ಆ ಕತ್ತಿಯನ್ನೇ ತಂದರು. "ನಾನೇ ಕುಯ್ತೀನಿ. ದೇವ್ರ ಕತ್ತೀಲೇ ಆಗ್ಲಿ ಬುಡು."

ಹೆಂಗಸರು ಅದನ್ನು ಮುಟ್ಟುವಂತಿಲ್ಲ, ಗಂಡಸರು ತೊಳೆಯುವುದಿಲ್ಲ. ವರ್ಷಗಟ್ಟಲೆಯ ಎಣ್ಣೆ, ಕುಂಕುಮ, ನಿಂಬೆಹುಳಿ ಮೆತ್ತಿ ಅಲಗೇ ಕಾಣುತ್ತಿರಲಿಲ್ಲ. "ದಕ್ಷನ ಯಾಗಕ್ಕೆ ನುಗ್ಗಿ ದೇವತೆಗಳ ದಂಡನ್ನೇ ಬಡಿದವನೇ, ಈ ಒಂದು ಕತ್ತಿ ತಡೆಯಪ್ಪ" ಎಂದು ಮನಸ್ಸಿನಲ್ಲೇ ಗೋಗರೆದೆ.

ಮಾವ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಿಯನ್ನು ಪಂಚೆಯಲ್ಲಿ ಒರೆಸಿದರು. ದಪ್ಪ ಹೆಕ್ಕಳೆ ಎದ್ದು ಬಂತು. ಅದರಡಿ ಯಾರ ಯಾರ ಮಕ್ಕಳದೋ ಕೂದಲು, ಸತ್ತ ಜಿರಳೆಯ ರೆಕ್ಕೆ. ಮಾವ ಮೂಸಿ ನೋಡಿ ಮುಖ ಕಿವುಚಿದರು. ಮೂವತ್ತು ವರ್ಷ ಅದನ್ನು ಕಣ್ಣಿಗೊತ್ತಿಕೊಂಡಿದ್ದ ಮನುಷ್ಯ ಹಿತ್ತಲಿಗೆ ಓಡಿ ವಾಂತಿ ಮಾಡಿದರು.

ಬಾಯಿ ತೊಳೆದು ಬಂದು ನನ್ನ ಕಡೆ ತಿರುಗಿದರು. "ಥೂ, ಇದ್ನ ಮಗೀಗೆ ಆಕಕ್ಕೆ ಓಗಿದ್ನಲ್ಲ! ದೇವ್ರೇ ಬ್ಯಾಡ ಅಂದವ್ನೆ. ಎತ್ಕೊಳವ್ವ ಮಗೀನ, ಗಾಡಿ ಕಟ್ತೀನಿ."

ಮದ್ದೂರಿನವರೆಗೆ ಗಾಡಿ, ಅಲ್ಲಿಂದ ಬಸ್ಸು. ವಾಸನೆಗೆ ಜನ ಬೈದಾಗ ಮಾವ, "ಮೂಗು ಮುಚ್ಕೊಂಡು ಕುಂತ್ಕೊಳ್ರಲಾ" ಎಂದು ಗದರಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕುಯ್ದರು. ಒಂದು ಬಟ್ಟಲು ಕೀವು. ಇನ್ನೊಂದು ದಿನ ತಡೆದಿದ್ದರೆ ಮಗು ಉಳಿಯುತ್ತಿರಲಿಲ್ಲವೆಂದು ನಮ್ಮನ್ನು ಚೆನ್ನಾಗಿ ಬೈದರು. ಮೂರನೆಯ ದಿನ ಭದ್ರ ಕಣ್ಣು ಬಿಟ್ಟು ಮುದ್ದೆ ಕೇಳಿದ.

ದೇವರು ಡಾಕ್ಟರ ರೂಪದಲ್ಲಿ ಬಂದನೆಂದು ಊರವರು ಹೇಳುತ್ತಾರೆ. ಆ ಡಾಕ್ಟರಿಗೆ ನಾನು ದಿನವೂ ಕೈ ಮುಗಿಯುತ್ತೇನೆ. ಆದರೆ ವೀರಭದ್ರನನ್ನು ನಾನು ಈಗ ಮೊದಲಿಗಿಂತ ಗಟ್ಟಿಯಾಗಿ ನಂಬುವುದು ಬೇರೆ ಕಾರಣಕ್ಕೆ. ಅವನು ಅದಕ್ಕೂ ಮೊದಲೇ ಬಂದಿದ್ದ, ನಮ್ಮ ಹಿತ್ತಲಿಗೆ, ಮಾವನ ವಾಕರಿಕೆಯಾಗಿ.